ಕಾರ್ಡಿಗೆ ಬರದ ಸೂಜಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ಸಮಿತಿಯವರು ಫೋನು ಮಾಡಿ, "ಕಂಪ್ಯೂಟರಿನ ಬಗ್ಗೆ, ಈಗ ಬಂದಿರುವ ಎಐ ಬಗ್ಗೆ ಅರ್ಧ ಗಂಟೆ ಮಾತಾಡಪ್ಪ" ಅಂದರು. ಅದರ ಬಗ್ಗೆ ಮಾತಾಡುವವರು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ದಿನವೂ ಸಿಗುತ್ತಾರೆ. ನಾನು ಕೆಲವು ವರ್ಷಗಳಿಂದ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಜನ ನನ್ನ ಹತ್ತಿರ ಕೇಳುವುದೂ ಕಂಪ್ಯೂಟರ್ ವಿಷಯ ಅಲ್ಲ. "ಈ ಕಾರ್ಡಿಗೆ ಇದು ಬರ್ತದಾ?" ಅಂತ. ಅದರಲ್ಲೂ ದೊಡ್ಡವರ ಲಸಿಕೆಯ ವಿಷಯ ಬಂದರೆ ಗೊಂದಲ ಬಹಳ. ಹಾಗಾಗಿ ಇವತ್ತು ಅದನ್ನೇ ಮಾತಾಡುತ್ತೇನೆ. ನಾನು ಡಾಕ್ಟರೂ ಅಲ್ಲ, ವಿಮೆ ಏಜೆಂಟೂ ಅಲ್ಲ. ಯಾವ ಲಸಿಕೆ ಯಾರಿಗೆ ಬೇಕು ಅಂತ ಹೇಳುವುದು ವೈದ್ಯರ ಕೆಲಸ. ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಂದ ಬರುವುದಿಲ್ಲ ಅನ್ನುವುದಷ್ಟೇ ನನ್ನ ಭಾಗ.

ದೊಡ್ಡವರಿಗೂ ಲಸಿಕೆ ಇರುತ್ತದಾ ಅಂತ ಬೆಂಗಳೂರಿನವರು ಕೇಳಬಹುದು, ನಮ್ಮ ಕಡೆಯವರು ಕೇಳುವ ಹಾಗಿಲ್ಲ. 1957ರಲ್ಲಿ ಇಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು. ನಾವು ಅದನ್ನು ಮಂಗನ ಕಾಯಿಲೆ ಅನ್ನುತ್ತೇವೆ. ತರಗೆಲೆ ತರುವವರು, ದನ ಕಾಯುವವರು, ತೋಟಕ್ಕೆ ಹೋಗುವವರು, ಹೀಗೆ ದೊಡ್ಡವರೇ ಸಾಲಾಗಿ ನಿಂತು ತೋಳು ಒಡ್ಡಿ ಆ ಲಸಿಕೆ ಹಾಕಿಸಿಕೊಂಡಿದ್ದಾರೆ. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್. ಉರಿ ಅಂದರೆ ಉರಿ. ಆ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು, ಹೊಸದರ ಕೆಲಸ ನಡೆದಿದೆ. ಅದನ್ನು ಹಾಕಿಸಿಕೊಳ್ಳುವಾಗ ನಿಮ್ಮಲ್ಲಿ ಯಾರೂ ಕಾರ್ಡು ತೋರಿಸಿಲ್ಲ. ಸರ್ಕಾರ ಕೊಟ್ಟಿತು, ನಾವು ತೆಗೆದುಕೊಂಡೆವು. 2021ರ ಕೊರೋನಾ ಲಸಿಕೆಯೂ ಹಾಗೆಯೇ. ಜೂನ್ 21ರಿಂದ 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಸರ್ಕಾರಿ ಕೇಂದ್ರದಲ್ಲಿ ಉಚಿತ. ಖಾಸಗಿ ಆಸ್ಪತ್ರೆಗೆ ಹೋದವರು ಕೋವಿಶೀಲ್ಡಿಗೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1,410 ರೂಪಾಯಿವರೆಗೆ ತಮ್ಮ ಜೇಬಿನಿಂದಲೇ ಕೊಟ್ಟರು.

ಈಗ ತೊಂದರೆ ಎಲ್ಲಿ ಬಂದಿದೆ ಅಂದರೆ, ಮನೆಮನೆಗೂ ಒಂದಲ್ಲ ಎರಡು ಕಾರ್ಡು ಬಂದಿದೆ. ಕಾರ್ಡು ಬಂದದ್ದು ಒಳ್ಳೆಯದೇ. ಆದರೆ "ಕಾರ್ಡಿಗೆ ಬರುವುದಿಲ್ಲ" ಅಂದರೆ "ಅದು ನಮಗೆ ಬೇಕಾಗಿಲ್ಲ" ಅಂತ ಜನ ತೀರ್ಮಾನ ಮಾಡಲಿಕ್ಕೆ ಶುರು ಮಾಡಿದ್ದಾರೆ. ವಿಮಾ ಕಂಪನಿಯ ಪಟ್ಟಿಯನ್ನೇ ಡಾಕ್ಟರ ಚೀಟಿ ಅಂದುಕೊಂಡ ಹಾಗೆ.

ಒಂದು ಸಂಗತಿ ಹೇಳುತ್ತೇನೆ. ನಮ್ಮ ಸೀಮೆಯವರೇ, ಹೆಸರು ಬೇಡ. ಕೊನೆಕೊಯ್ಲಿನ ಹೊತ್ತಿನಲ್ಲಿ ಬೇರೆಯವರ ಅಂಗಳದಲ್ಲಿ ನಾಯಿ ಮೀನಖಂಡಕ್ಕೆ ಹಲ್ಲು ಊರಿತು. ರಕ್ತ ಬಂತು. ಮಗ ಬೆಂಗಳೂರಿನಲ್ಲಿ ಕಂಪನಿಯಲ್ಲಿದ್ದಾನೆ, ಅಪ್ಪ-ಅಮ್ಮನನ್ನೂ ಕಂಪನಿಯ ವಿಮೆಗೆ ಸೇರಿಸಿದ್ದಾನೆ. "ಸರ್ಕಾರಿ ಆಸ್ಪತ್ರೆ ಬೇಡ, ಪೇಟೆಯ ಆಸ್ಪತ್ರೆಗೆ ಹೋಗಿ, ಕಾರ್ಡಿದೆ" ಅಂದ. ಹೋದರು. ಕೌಂಟರಿನಲ್ಲಿ "ಅಡ್ಮಿಟ್ ಆಗದೆ ಇದು ಕಾರ್ಡಿಗೆ ಬರುವುದಿಲ್ಲ" ಅಂದರು. ಗಾಯಕ್ಕೆ ಹಾಕುವ ಸೀರಮ್ಮಿಗೂ ಮೊದಲ ಸೂಜಿಗೂ ಕೈಯಿಂದ ಕಟ್ಟಿದರು. ಮೂರನೇ ದಿನದ್ದಕ್ಕೂ ಕಟ್ಟಿದರು. ಮಗ ಕ್ಲೇಮು ಹಾಕಿದ, ತಿರಸ್ಕಾರವಾಗಿ ಬಂತು. ಇವರು ಮನೆಯಲ್ಲಿ ಕೂತುಬಿಟ್ಟರು. "ಎರಡು ಆಗಿದೆ, ಗಾಯವೂ ಮಾಯ್ದಿದೆ, ಕಂಪನಿಯವರೇ ಬೇಡ ಅಂದ ಮೇಲೆ ಯಾಕೆ?"

ಹುಚ್ಚುನಾಯಿ ರೋಗ ಏನು ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಪುಣ್ಯಕ್ಕೆ ನಮ್ಮ ಆಶಾ ಅಕ್ಕ ಬೇರೆ ಕೆಲಸಕ್ಕೆ ಅವರ ಮನೆಗೆ ಹೋದವರು ಕೇಳಿ, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ವೈದ್ಯರು ಹಳೆಯ ಚೀಟಿ ನೋಡಿ ಉಳಿದ ಡೋಸುಗಳನ್ನು ಪೂರ್ತಿ ಮಾಡಿದರು. ಒಂದು ಪೈಸೆ ಖರ್ಚಿಲ್ಲ. ಪೇಟೆಗೆ ಓಡುವಾಗ ದಾರಿಯಲ್ಲಿ ಆ ಕೇಂದ್ರದ ಬಾಗಿಲ ಮುಂದೆಯೇ ಅವರು ಹಾದುಹೋಗಿದ್ದರು.

ಆಮೇಲೆ ಆ ಹುಡುಗ ಪಾಲಿಸಿಯ ಕಾಗದ ನನಗೆ ಕಳಿಸಿದ. "ಇಲ್ಲಿ ನೋಡಣ್ಣ, ಪ್ರಾಣಿ ಕಡಿತಕ್ಕೆ ಕೊಡುತ್ತೇವೆ ಅಂತ ಬರೆದಿದ್ದಾರೆ, ಮೋಸ ಇದು" ಅಂದ. ಅದರಲ್ಲಿ ಇದ್ದದ್ದು ಹೀಗೆ: ಲಸಿಕೆಯ ಖರ್ಚಿಗೆ ಪರಿಹಾರವಿಲ್ಲ, ಪ್ರಾಣಿ ಕಡಿತದ ನಂತರದ ಚಿಕಿತ್ಸೆಯನ್ನು ಹೊರತುಪಡಿಸಿ. ಈ ಸಾಲು ಬಹಳ ಪಾಲಿಸಿಗಳಲ್ಲಿ ಇದೆ. ಓದಿದವರು 'ಹಾಗಾದರೆ ನಾಯಿ ಕಡಿತದ್ದು ಕೊಡುತ್ತಾರೆ' ಅಂದುಕೊಳ್ಳುತ್ತಾರೆ. ಅರ್ಥ ಅಷ್ಟು ಸರಳ ಅಲ್ಲ. ಮನೆಯ ಮುಂಬಾಗಿಲಿಗೂ ಕೋಣೆಯ ಬಾಗಿಲಿಗೂ ಬೇರೆ ಬೇರೆ ಬೀಗ ಇದ್ದ ಹಾಗೆ. ಈ ಸಾಲು ಒಳಗಿನ ಕೋಣೆಯ ಬೀಗ ತೆಗೆಯಿತು, ಸರಿ. ಮುಂಬಾಗಿಲಿನ ಬೀಗ ಯಾವುದು ಅಂದರೆ, 'ಒಳರೋಗಿಯಾಗಿ 24 ಗಂಟೆ ದಾಖಲಾಗಿರಬೇಕು, ಹೊರರೋಗಿ ಚಿಕಿತ್ಸೆಗೆ ಪರಿಹಾರವಿಲ್ಲ' ಅನ್ನುವುದು. ಅದು ಹಾಕಿಯೇ ಇತ್ತು. ಕೆಲವು ಪಾಲಿಸಿಗಳು ಪ್ರಾಣಿ ಕಡಿತದ ಲಸಿಕೆಗೆ ಹೊರರೋಗಿಯಾದರೂ ಇಷ್ಟು ರೂಪಾಯಿವರೆಗೆ ಅಂತ ಪ್ರತ್ಯೇಕವಾಗಿ ಬರೆದು ಕೊಡುತ್ತವೆ. ಹಾಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಮೊತ್ತ ಇದ್ದರೆ ಮಾತ್ರ ನಂಬಬಹುದು.

ನಮ್ಮ ಸಾಫ್ಟ್‌ವೇರಿನ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಕ್ಲೇಮು ಬಂದ ಕೂಡಲೇ ಯಂತ್ರ ಮೊದಲು ನೋಡುವುದು ರೋಗವನ್ನಲ್ಲ, ದಾಖಲಾದ ಸಮಯ ಮತ್ತು ಬಿಡುಗಡೆಯಾದ ಸಮಯವನ್ನು. ಆಮೇಲೆ ರೋಗದ ಸಂಕೇತ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ಸಂಕೇತಪಟ್ಟಿಯಲ್ಲಿ ನಾಯಿ ಕಡಿತಕ್ಕೆ ಡಬ್ಲ್ಯೂ54 ಅಂತ ಇದೆ. ರೇಬಿಸ್ ಲಸಿಕೆ ಹಾಕಿಸಿಕೊಳ್ಳಲು ಬಂದವರಿಗೆ ಜೆಡ್24.2. ಮನುಷ್ಯ ಅದೇ, ಕಾಲು ಅದೇ, ಸೂಜಿ ಅದೇ. ಆಸ್ಪತ್ರೆಯವರು ಚೀಟಿಯಲ್ಲಿ ಬರೀ 'ಲಸಿಕೆ' ಅಂತ ಬರೆದರೆ ಒಂದು ದಾರಿ, 'ನಾಯಿ ಕಡಿತ, ಮೂರನೇ ದರ್ಜೆಯ ಗಾಯ, ಚಿಕಿತ್ಸೆ' ಅಂತ ಬರೆದರೆ ಇನ್ನೊಂದು ದಾರಿ. ಸುಳ್ಳು ಬರೆಸಿ ಅಂತ ನಾನು ಹೇಳುತ್ತಿಲ್ಲ. ಆದದ್ದನ್ನು ಪೂರ್ತಿಯಾಗಿ ಬರೆಯಿರಿ ಅಂತ ಡಾಕ್ಟರ ಹತ್ತಿರ ಕೇಳುವುದು ನಿಮ್ಮ ಹಕ್ಕು.

ನಾಯಿ ಕಡಿತದ ಮಾತು ಬಂತು ಅಂತ ಇನ್ನೆರಡು ವಾಕ್ಯ. ಮಕ್ಕಳೂ ಇದ್ದೀರಿ, ಕೇಳಿಸಿಕೊಳ್ಳಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನನ್ನೂ ಮೆತ್ತಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆ ಅನ್ನುವ ಕಾಲ ಹೋಗಿ ಎರಡು ದಶಕ ಆಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿನ ಚರ್ಮದ ಒಳಪದರಕ್ಕೆ ಹಾಕುತ್ತಾರೆ: ಕಡಿದು ಬಂದ ದಿನ, ಆಮೇಲೆ ಮೂರನೇ, ಏಳನೇ, ಇಪ್ಪತ್ತೆಂಟನೇ ದಿನ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಸೀರಮ್ ಕೂಡ ಬೇಕು. ಅದನ್ನು ಮೈತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಖಾಸಗಿಯಲ್ಲಿ ಬಿಲ್ಲು ಏರುವುದು ಅದರಿಂದಲೇ. ಅದು ನಮ್ಮ ಕೇಂದ್ರದಲ್ಲಿ ಇದೆಯೋ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೋ ಅಂತ 104ಕ್ಕೆ ಫೋನು ಮಾಡಿ ಕೇಳಬಹುದು.

ಸರಿ, ವಿಮೆಯವರು ಲಸಿಕೆಗೆ ಯಾಕೆ ಕೊಡುವುದಿಲ್ಲ? ದುರಾಸೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ನಮ್ಮ ತೋಟದ ಲೆಕ್ಕದಲ್ಲಿ ನೋಡಿ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತೇವೆ. ಮಳೆ ಮಿತಿಮೀರಿದರೆ ಪರಿಹಾರ ಬರುತ್ತದೆ. ಕೊಳೆರೋಗ ಬಾರದಿರಲಿ ಅಂತ ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಸುತ್ತೇವಲ್ಲ, ಮೈಲುತುತ್ತ, ಸುಣ್ಣ, ಕೊನೆಗಾರರ ಕೂಲಿ, ಅದನ್ನು ಬೆಳೆ ವಿಮೆಯವರು ಕೊಡುತ್ತಾರಾ? ಇಲ್ಲ. ಅದು ಬರಬಹುದಾದ ನಷ್ಟ ಅಲ್ಲ, ಪ್ರತಿ ವರ್ಷ ಇದ್ದೇ ಇರುವ ಖರ್ಚು. ಹಾಗಂತ ವಿಮೆಗೆ ಬರುವುದಿಲ್ಲ ಎಂದು ಬೋರ್ಡೋ ಬಿಟ್ಟವರನ್ನು ನಾನು ನಮ್ಮೂರಿನಲ್ಲಿ ನೋಡಿಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು ಮಲೆನಾಡಿಗೆ ಈ ಔಷಧಿ ಹಿಡಿಸಿಹೋದರು, ಅಂದಿನಿಂದ ಅದು ತೋಟದ ಖರ್ಚಿನ ಪಟ್ಟಿಯಲ್ಲಿ ಕೂತಿದೆ. ಮರಕ್ಕೆ ಹೊಡೆಸುತ್ತೇವೆ, ಮನೆಯ ಯಜಮಾನನಿಗೆ ಫ್ಲೂ ಸೂಜಿ ಹಾಕಿಸಲು ಮಾತ್ರ ಕಾರ್ಡು ಕೇಳುತ್ತೇವೆ.

ಇನ್ನೂ ಒಂದು ಕಾರಣ ಇದೆ, ಇದನ್ನು ಏಜೆಂಟರು ಹೇಳುವುದಿಲ್ಲ. ನಮ್ಮಲ್ಲಿ ಆರೋಗ್ಯ ವಿಮೆ ಸಾಮಾನ್ಯವಾಗಿ ವರ್ಷದ ಒಪ್ಪಂದ. ಈ ಕಂಪನಿ ನಿಮಗೆ ಇವತ್ತು ಹೆಪಟೈಟಿಸ್ ಬಿ ಲಸಿಕೆಗೆ ದುಡ್ಡು ಕೊಟ್ಟರೆ ಅದರ ಲಾಭ ಸಿಗುವುದು ಹತ್ತಿಪ್ಪತ್ತು ವರ್ಷದ ಮೇಲೆ. ಅಷ್ಟು ಹೊತ್ತಿಗೆ ನೀವು ಯಾವ ಕಂಪನಿಯಲ್ಲಿರುತ್ತೀರೋ! ಹಾಗಾಗಿ ಅವರಿಗೆ ಅದರಲ್ಲಿ ಆಸಕ್ತಿ ಇಲ್ಲ. ಲಾಭ ನಿಮ್ಮದಾದ್ದರಿಂದ ಆಸಕ್ತಿಯೂ ನಿಮ್ಮದೇ ಆಗಬೇಕು.

ಈ ಜಗಳವನ್ನು ಕಾನೂನಿನಿಂದ ಬಗೆಹರಿಸಿದ ದೇಶವೂ ಇದೆ. ಅಮೆರಿಕದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇವತ್ತು ಬಂದಿದ್ದಾರೆ, ಅವರಿಗೆ ಗೊತ್ತು. 2010ರ ಕಾಯ್ದೆಯ ಪ್ರಕಾರ ಅಲ್ಲಿ ಹೆಚ್ಚಿನ ವಿಮೆಗಳು ಸರ್ಕಾರಿ ತಜ್ಞರ ಸಮಿತಿ ಶಿಫಾರಸು ಮಾಡಿದ ದೊಡ್ಡವರ ಲಸಿಕೆಗಳಿಗೆ ಪೂರ್ತಿ ಕೊಡಬೇಕು. 65 ದಾಟಿದವರ ಮೆಡಿಕೇರಿನಲ್ಲೂ 2023ರಿಂದ ಸರ್ಪಸುತ್ತಿನಂಥ ದುಬಾರಿ ಲಸಿಕೆಗೆ ಕೈಯಿಂದ ಕೊಡುವುದು ನಿಂತಿತು. ಆದರೆ ಮಗಳ ಬಾಣಂತನಕ್ಕೆ ಅಂತ ಹೋಗುವ ನಮ್ಮ ಅಪ್ಪ-ಅಮ್ಮಂದಿರಿಗೆ ಇದು ಅನ್ವಯಿಸುವುದಿಲ್ಲ. ಅವರಿಗೆ ಕೊಡಿಸುವ ಪ್ರವಾಸಿ ವಿಮೆ ಸಾಮಾನ್ಯವಾಗಿ ಅಲ್ಲಿ ಹೋದ ಮೇಲೆ ಬರುವ ಹೊಸ ಕಾಯಿಲೆಗೆ. ಹಾಕಿಸಬೇಕಾದ ಸೂಜಿಯನ್ನು ಇಲ್ಲೇ ಹಾಕಿಸಿ ವಿಮಾನ ಹತ್ತಿಸಿ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ, ಕಂಪನಿಗಳು ಬೇಕಾದರೆ ರೋಗತಡೆಯ ಸೌಲಭ್ಯಗಳನ್ನು ಸೇರಿಸಬಹುದು ಅಂತ ಮಾರ್ಗಸೂಚಿ ಕೊಟ್ಟಿತು. 'ಬಹುದು' ಮತ್ತು 'ಬೇಕು' ಇವೆರಡರ ವ್ಯತ್ಯಾಸವನ್ನು ನಮಗೆ ಕನ್ನಡ ಮೇಷ್ಟ್ರು ಎಂಟನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು.

ಈಗ ನಮ್ಮ ನಿಮ್ಮ ಪೆಟ್ಟಿಗೆಯಲ್ಲಿರುವ ಕಾರ್ಡುಗಳಿಗೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ನಿಗದಿತ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇದು ಆಸ್ಪತ್ರೆಯ ಚಿಕಿತ್ಸೆಗೆ. ಸೊಸೈಟಿ ಮೂಲಕ ಮಾಡಿಸುವ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಮೇಷ್ಟ್ರುಗಳಿಗೆ ಇದ್ದ ಜ್ಯೋತಿ ಸಂಜೀವಿನಿ ಗಂಭೀರ ಕಾಯಿಲೆಗಳಿಗೆ. ಎಲ್ಲವೂ ಒಳ್ಳೆಯವೇ, ಆದರೆ ಇವುಗಳಲ್ಲಿ ಯಾವುದನ್ನೂ ಹಿಡಿದುಕೊಂಡು ಹೋಗಿ ನ್ಯುಮೋನಿಯಾ ಲಸಿಕೆ ಕೇಳಲು ಬರುವುದಿಲ್ಲ. ಖಾಸಗಿ ಕಂಪನಿಗಳೂ ಸರ್ಕಾರಿ ಕಂಪನಿಗಳೂ 2020ರ ಏಪ್ರಿಲ್‌ನಿಂದ ಒಂದೇ ನಮೂನೆಯಲ್ಲಿ ಮಾರುವ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲೂ ಹೊರರೋಗಿ ಖರ್ಚು ಇಲ್ಲ. ಹೆಸರುಗಳೆಲ್ಲ ಒಂದೇ ಥರ ಇರುವುದೂ ಒಂದು ಪೀಡೆ. ಸರ್ಕಾರಿ ನೌಕರರದ್ದು 'ಕರ್ನಾಟಕ ಆರೋಗ್ಯ ಸಂಜೀವಿನಿ', ಅದು ಬೇರೆ, ಇದು ಬೇರೆ. ಯಾರೋ ಹೇಳಿದರು ಅಂತ ಇನ್ನೊಬ್ಬರ ಕಾರ್ಡಿನ ಸೌಲಭ್ಯವನ್ನು ನಿಮ್ಮ ಕಾರ್ಡಿನಲ್ಲಿ ಹುಡುಕಬೇಡಿ.

ಹಾಗಾದರೆ ಕಾರ್ಡೇ ಇಲ್ಲದೆ ಸಿಗುವುದು ಯಾವುದು? ರೇಬಿಸ್ ಹೇಳಿದೆ. ಗರ್ಭಿಣಿಯರಿಗೆ, ಕತ್ತಿ-ಮೊಳೆ ತಾಗಿದವರಿಗೆ ಧನುರ್ವಾಯು ಸೂಜಿ ಸರ್ಕಾರಿ ಕೇಂದ್ರದಲ್ಲಿ ಸಿಗುತ್ತದೆ. ಈಗ ಅದರ ಜೊತೆ ಗಂಟಲಮಾರಿಯದ್ದೂ ಸೇರಿದೆ. ಹಜ್ ಯಾತ್ರೆಗೆ ಹೋಗುವವರಿಗೆ ಮೆದುಳುಪೊರೆ ಜ್ವರದ ಲಸಿಕೆಯನ್ನು ಸರ್ಕಾರವೇ ಕೊಡುತ್ತದೆ. ಉಳಿದಂತೆ ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಇವು ಹೆಚ್ಚಾಗಿ ನಮ್ಮ ಜೇಬಿನವು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷದ ಹುಡುಗಿಯರನ್ನು ಪ್ರೋತ್ಸಾಹಿಸುತ್ತೇವೆ ಅಂತ ಕೇಂದ್ರ ಸರ್ಕಾರ 2024ರ ಮಧ್ಯಂತರ ಬಜೆಟ್‌ನಲ್ಲಿ ಹೇಳಿತು. ಆ ವಯಸ್ಸು ದಾಟಿದ ಹೆಣ್ಣುಮಕ್ಕಳೂ ವೈದ್ಯರ ಹತ್ತಿರ ಕೇಳಿ ಹಾಕಿಸಿಕೊಳ್ಳಬಹುದು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಮೇಲೆ ಬೆಲೆ ಡೋಸಿಗೆ 2,000 ರೂಪಾಯಿಯ ಆಸುಪಾಸಿಗೆ ಇಳಿಯಿತು. ಕ್ಯಾನ್ಸರ್ ಬಂದಮೇಲೆ ಲಕ್ಷಗಟ್ಟಲೆ ಕೊಡುವ ಪಾಲಿಸಿ ಈ ಎರಡು ಸಾವಿರವನ್ನು ಕೊಡುವುದಿಲ್ಲ. ನನ್ನ ಕೆಲಸದಲ್ಲಿ ನನಗೆ ಒಗ್ಗದೆ ಉಳಿದಿರುವ ನಿಯಮ ಇದೊಂದು.

ಇನ್ನೊಂದು ವಿಚಿತ್ರ. 2021ರ ಮಾರ್ಚಿನಲ್ಲಿ ವಿಮಾ ಪ್ರಾಧಿಕಾರ ಒಂದು ಸ್ಪಷ್ಟೀಕರಣ ಕೊಟ್ಟಿತು. ಕೊರೋನಾ ಲಸಿಕೆ ಹಾಕಿಸಿಕೊಂಡು ಮೈಗೆ ಒಗ್ಗದೆ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಆ ಖರ್ಚಿಗೆ ಪಾಲಿಸಿಯ ಷರತ್ತಿನಂತೆ ಪರಿಹಾರ ಇದೆ ಅಂತ. ಸೂಜಿಗೆ ಇಲ್ಲ, ಸೂಜಿಯಿಂದ ಮಲಗಿದರೆ ಇದೆ. ಕೇಳಿದರೆ ನಗು ಬರುತ್ತದೆ, ಆದರೆ 24 ಗಂಟೆಯ ಬೀಗ ನೆನಪಿಟ್ಟುಕೊಂಡರೆ ತರ್ಕ ಸರಿಯಾಗಿಯೇ ಇದೆ.

ನಮ್ಮ ದೊಡ್ಡಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಹಿಂದಿನ ಮಳೆಗಾಲದಲ್ಲಿ ಕೆಮ್ಮು ಜ್ವರ ಅಂತ ಶುರುವಾಗಿ ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಅಣ್ಣ ಮಾಡಿಸಿದ ಪಾಲಿಸಿಯಿಂದ ಬಿಲ್ಲಿನ ಬಹುಭಾಗ ಬಂತು. ಬಿಡುಗಡೆ ದಿನ ಡಾಕ್ಟರು ಚೀಟಿಯ ಕೊನೆಯಲ್ಲಿ ಎರಡು ಸಾಲು ಬರೆದಿದ್ದರು: ಚೇತರಿಸಿಕೊಂಡ ಮೇಲೆ ನ್ಯುಮೋನಿಯಾ ಲಸಿಕೆ, ಪ್ರತಿ ವರ್ಷ ಫ್ಲೂ ಲಸಿಕೆ. ಬಿಡುಗಡೆಯ ನಂತರ ಇಂತಿಷ್ಟು ದಿನದ ಔಷಧಿ ಖರ್ಚನ್ನು ವಿಮೆ ಕೊಡುತ್ತದೆ, ಹಾಗಾಗಿ ಅಣ್ಣ ಇದನ್ನೂ ಅದರಲ್ಲಿ ಸೇರಿಸಬಹುದಾ ಅಂತ ಕೇಳಿದ. ಬರುವುದಿಲ್ಲ ಅಂದೆ. ದೊಡ್ಡಪ್ಪ ಕೂಡಲೇ, "ಅಷ್ಟು ದೊಡ್ಡ ಬಿಲ್ಲು ಕೊಟ್ಟವರು ಇದಕ್ಕೆ ಕೊಡಲ್ಲ ಅಂದರೆ ಅದು ಬೇಕಾದ್ದಲ್ಲ, ಡಾಕ್ಟರ ವ್ಯಾಪಾರ" ಅಂದುಬಿಟ್ಟರು. ಅವರನ್ನು ಒಪ್ಪಿಸಲು ನನಗೂ ಅಣ್ಣನಿಗೂ ಎರಡು ತಿಂಗಳು ಬೇಕಾಯಿತು. ಕೊನೆಗೆ ಒಪ್ಪಿದ್ದು ನಮ್ಮ ಮಾತಿಗಲ್ಲ. ದೊಡ್ಡಮ್ಮ, "ಎಂಟು ದಿನ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ದು ನಾನು, ಅದಕ್ಕೆ ಯಾವ ಕಂಪನಿ ದುಡ್ಡು ಕೊಟ್ಟಿತು?" ಅಂತ ಕೇಳಿದರು. ಆ ಲೆಕ್ಕ ನಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲ.

ಫ್ಲೂ ಲಸಿಕೆಗೆ ಒಂದೂವರೆ-ಎರಡು ಸಾವಿರ ಆಗುತ್ತದೆ, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ. ಬೋರ್ಡೋ ಹೊತ್ತಿಗೇ ಅಂತ ನೆನಪಿಟ್ಟುಕೊಳ್ಳಿ. ನ್ಯುಮೋನಿಯಾದ್ದರಲ್ಲಿ ಎರಡು ಮೂರು ಬಗೆ ಇವೆ, ಬೆಲೆಯೂ ಬೇರೆ ಬೇರೆ, ಪ್ರತಿ ವರ್ಷ ಬೇಡ. ಸರ್ಪಸುತ್ತಿನದ್ದು 2023ರಲ್ಲಿ ನಮ್ಮ ದೇಶಕ್ಕೆ ಬಂತು, ಎರಡು ಡೋಸು, ಒಂದೊಂದಕ್ಕೆ ಹತ್ತು ಸಾವಿರದ ಆಸುಪಾಸು. ಅದು ಎಲ್ಲರ ಕೈಗೆ ಎಟುಕುವುದಲ್ಲ, ಡಾಕ್ಟರ ಹತ್ತಿರ ಮಾತಾಡಿಯೇ ನಿರ್ಧರಿಸಬೇಕು. ಸ್ವಂತವಾಗಿ ಆರೋಗ್ಯ ವಿಮೆ ಮಾಡಿಸಿದವರಿಗೆ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಕಂತಿನ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದಿದ್ದಾರೆ. ಕಂತು 20,000 ಇದ್ದರೆ 3,600 ರೂಪಾಯಿ ತೆರಿಗೆ ಇತ್ತು. ಗಂಡ-ಹೆಂಡತಿ ಇಬ್ಬರ ಫ್ಲೂ ಸೂಜಿ ಹೆಚ್ಚುಕಡಿಮೆ ಅದರಲ್ಲೇ ಆಯಿತು.

ಈಚೆಗೆ ಏಜೆಂಟರು 'ಓಪಿಡಿ ಸೇರಿಸಿಕೊಳ್ಳಿ, ಲಸಿಕೆಯೂ ಬರುತ್ತದೆ' ಅಂತ ಹೆಚ್ಚುವರಿ ಕಂತಿನ ಸೌಲಭ್ಯ ಮಾರುತ್ತಾರೆ. ಗಣಿತದ ಮೇಷ್ಟ್ರು ಎದುರಿಗಿದ್ದಾರೆ, ಲೆಕ್ಕ ತಪ್ಪಿದರೆ ಎದ್ದು ನಿಲ್ಲಿಸುತ್ತಾರೆ! ಉದಾಹರಣೆಗೆ ವರ್ಷಕ್ಕೆ 5,000 ರೂಪಾಯಿ ಮಿತಿಯ ಸೌಲಭ್ಯಕ್ಕೆ 4,000 ಹೆಚ್ಚುವರಿ ಕಂತು ಅಂತಿಟ್ಟುಕೊಳ್ಳಿ. ಪೂರ್ತಿ ಬಳಸಿದರೆ ಲಾಭ ಒಂದು ಸಾವಿರ. ಮೂರು ಸಾವಿರ ಮಾತ್ರ ಬಳಸಿದರೆ ಒಂದು ಸಾವಿರ ನಷ್ಟ. ಅವರ ಪಟ್ಟಿಯಲ್ಲಿರುವ ಕ್ಲಿನಿಕ್ಕಿಗೇ ಹೋಗಬೇಕು ಅಂದರೆ, ನಮ್ಮ ತಾಲ್ಲೂಕಿನಲ್ಲಿ ಅಂಥದ್ದು ಒಂದೂ ಇಲ್ಲದಿದ್ದರೆ, ನಾಲ್ಕಕ್ಕೆ ನಾಲ್ಕೂ ನಷ್ಟ. ಬೆಂಗಳೂರಿನವರಿಗೆ ಅದು ಸರಿಹೋಗಬಹುದು. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಕೊಡಿಸುವ ಮುಂಚೆ ಕ್ಲಿನಿಕ್ಕುಗಳ ಪಟ್ಟಿಯನ್ನು ಪಿನ್‌ಕೋಡ್ ಹಾಕಿ ನೋಡಿ.

ಇಲ್ಲಿರುವ ಕಂಪನಿ ಕೆಲಸದ ತಮ್ಮ ತಂಗಿಯರು ಗಮನಿಸಬೇಕಾದದ್ದು: ನಿಮ್ಮ ಗುಂಪು ವಿಮೆಯಲ್ಲಿ ಕೆಲವೊಮ್ಮೆ ಆರೋಗ್ಯ ತಪಾಸಣೆ, ಫ್ಲೂ ಲಸಿಕೆಯ ಮೊತ್ತ ಇರುತ್ತದೆ. ಅದು ಉದ್ಯೋಗಿಗೆ ಮಾತ್ರವೋ ಪೋಷಕರಿಗೂ ಇದೆಯೋ ಅಂತ ಎಚ್‌ಆರ್‌ನವರಿಗೆ ಒಂದು ಇಮೇಲ್ ಹಾಕಿ. ಉತ್ತರ ಬರಹದಲ್ಲೇ ಬರಲಿ, ಬಾಯಿಮಾತು ಕ್ಲೇಮಿನ ದಿನ ನಿಲ್ಲುವುದಿಲ್ಲ. ಲಸಿಕೆ ಹಾಕಿಸಿದಾಗ ವೈದ್ಯರ ಚೀಟಿ, ಹೆಸರಿರುವ ಬಿಲ್ಲು, ಬಾಟಲಿಯ ಬ್ಯಾಚ್ ಸಂಖ್ಯೆ ಬರೆದ ಪ್ರಮಾಣಪತ್ರ ಮೂರನ್ನೂ ಫೋಟೋ ತೆಗೆದಿಡಿ.

ಪಾಲಿಸಿ ಪುಸ್ತಕ ಇಂಗ್ಲಿಷಿನಲ್ಲಿ ನಲವತ್ತು ಪುಟ ಇರುತ್ತದೆ, ಓದಿ ಅಂತ ಹೇಳಿದರೆ ನೀವು ನಗುತ್ತೀರಿ. ಆದರೆ ಅದರ ಜೊತೆ 'ಗ್ರಾಹಕ ಮಾಹಿತಿ ಪತ್ರ' ಅಂತ ನಾಲ್ಕಾರು ಪುಟದ ಒಂದು ಪತ್ರವನ್ನು ಕಂಪನಿ ಕೊಡಲೇಬೇಕು. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಎಷ್ಟು ದಿನ ಕಾಯಬೇಕು, ದೂರು ಎಲ್ಲಿಗೆ, ಎಲ್ಲ ಅದರಲ್ಲಿರುತ್ತದೆ. ನೀವು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ ಪ್ರಾಧಿಕಾರ 2023ರಲ್ಲೇ ಹೇಳಿದೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೇಳುವವರು ಇಲ್ಲದ್ದಕ್ಕೆ ಅದು ಕಪಾಟಿನಲ್ಲಿ ಕೂತಿದೆ. ಹೊಸ ಪಾಲಿಸಿ ಕೈಗೆ ಬಂದು 30 ದಿನದೊಳಗೆ ಓದಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಅವಕಾಶವೂ ಇದೆ.

ನಿಜವಾಗಿ ಬರಬೇಕಾದದ್ದನ್ನೇ ತಿರಸ್ಕರಿಸಿದರೆ? ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅದು ಆಗದಿದ್ದರೆ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣ, ಅಥವಾ 155255ಕ್ಕೆ ಫೋನು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು. ನಾಲ್ಕು ಸಾವಿರ ರೂಪಾಯಿಗೆ ಅಲ್ಲಿಗೆ ಹೋಗಬೇಕಾ ಅಂತ ಕೇಳಬಹುದು. ಪ್ರಾಣಿ ಕಡಿತಕ್ಕೆ ಹೊರರೋಗಿಯಾಗಿಯೂ ಕೊಡುತ್ತೇವೆ ಅಂತ ಪ್ರತ್ಯೇಕ ಸಾಲು ಇದ್ದೂ ಕೊಡದಿದ್ದರೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ ಜಗಳ ಮುಗಿಯುವವರೆಗೆ ಮುಂದಿನ ಡೋಸನ್ನು ಕಾಯಿಸಬೇಡಿ. ಸೂಜಿಯ ತಾರೀಖು ಬೇರೆ, ಕ್ಲೇಮಿನ ತಾರೀಖು ಬೇರೆ.

ಊಟದ ನಂತರ ಎಂಟನೇ ತರಗತಿ 'ಬಿ' ವಿಭಾಗದ ಕೋಣೆಯಲ್ಲಿ ನಾನು ಸಂಜೆ ಐದರವರೆಗೆ ಕೂತಿರುತ್ತೇನೆ. ನಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಮತ್ತು ಆಶಾ ಅಕ್ಕ ಕೂಡ ಬರುತ್ತೇವೆ ಅಂದಿದ್ದಾರೆ. ಪಾಲಿಸಿ, ಕಾರ್ಡು ಏನಿದ್ದರೂ ತನ್ನಿ, ಮೊಬೈಲಿನಲ್ಲಿದ್ದರೂ ಆಯಿತು. ಯಾವುದಕ್ಕೆ ಬರುತ್ತದೆ ಅಂತ ನಾನು ನೋಡಿ ಹೇಳುತ್ತೇನೆ, ಬಾರದೆ ಇದ್ದದ್ದರಲ್ಲಿ ಯಾವುದು ಇಲ್ಲೇ ಉಚಿತವಾಗಿ ಸಿಗುತ್ತದೆ ಅಂತ ಅವರು ಹೇಳುತ್ತಾರೆ. ಕನ್ನಡಕ ಮರೆಯದೆ ತನ್ನಿ, ಅಕ್ಷರ ಬಹಳ ಸಣ್ಣದು.